ಇಂಗ್ಲಿಷಿನ ಗೆರೆ ಎಲ್ಲಿ ಎಳೆಯಬೇಕು?

ಕೊಪ್ಪದ ಆಲೆಮನೆಯಿಂದ ಬೆಲ್ಲ ಕಳಿಸುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು ಎಂದುಕೊಳ್ಳಿ. ‘ಟ್ವೆಂಟಿ ಫೈವ್-ಕಿಲೋ ಬ್ಯಾಗ್ಸ್’ ಎಂದರೆ ಐದೈದು ಕಿಲೋದ ಇಪ್ಪತ್ತು ಚೀಲ, ಒಟ್ಟು ಒಂದು ಕ್ವಿಂಟಾಲ್. ‘ಟ್ವೆಂಟಿ-ಫೈವ್-ಕಿಲೋ ಬ್ಯಾಗ್ಸ್’ ಎಂದರೆ ಇಪ್ಪತ್ತೈದು ಕಿಲೋ ತೂಗುವ ಚೀಲಗಳು. ಎಷ್ಟು ಚೀಲ ಎಂಬುದು ಇನ್ನೂ ಗೊತ್ತಿಲ್ಲ. ಪದಗಳು ಅವೇ, ಹೆಚ್ಚಿದ್ದು ಒಂದು ಹೈಫನ್ ಮಾತ್ರ.

ಕನ್ನಡದಲ್ಲಿ ಇಪ್ಪತ್ತನ್ನೂ ಐದನ್ನೂ ಸಂಧಿಯೇ ಕೂಡಿಸಿಬಿಡುತ್ತದೆ. ಯಾರ ವಸ್ತು ಎಂಬುದನ್ನು ವಿಭಕ್ತಿ ಹೇಳುತ್ತದೆ, ಯಾರ ಮಾತು ಎಂಬುದನ್ನು ‘ಎಂದು’ ಹೇಳುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸದ ದೊಡ್ಡ ಪಾಲು ಲೇಖನ ಚಿಹ್ನೆಗಳ ಮೇಲೆ ಬೀಳುತ್ತದೆ. ಹಾಗಾಗಿ ‘ನಮಗೆ ಇಂಗ್ಲಿಷ್ ಬರಲ್ಲ, ನಾವೇನು ಹೇಳಿಕೊಡೋದು’ ಎಂದು ಪೋಷಕರು ಹಿಂಜರಿಯಬೇಕಿಲ್ಲ. ಮಗು ಬರೆದ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸಿದರೆ ಅರ್ಧ ತಪ್ಪು ಮಗುವಿಗೇ ಕಾಣುತ್ತದೆ.

ಹೈಫನ್

ಎರಡು ಮೂರು ಪದ ಸೇರಿ ಮುಂದಿನ ನಾಮಪದವನ್ನು ಬಣ್ಣಿಸಿದರೆ ನಡುವೆ ಹೈಫನ್ ಬೇಕು: ‘ಎ ಟೆನ್-ಇಯರ್-ಓಲ್ಡ್ ಬಾಯ್’. ಅದೇ ವರ್ಣನೆ ನಾಮಪದದ ನಂತರ ಬಂದರೆ ಬೇಡ: ‘ದ ಬಾಯ್ ಈಸ್ ಟೆನ್ ಇಯರ್ಸ್ ಓಲ್ಡ್’. ಮೊದಲಿನದರಲ್ಲಿ ‘ಇಯರ್’, ಎರಡನೆಯದರಲ್ಲಿ ‘ಇಯರ್ಸ್’. ಮಕ್ಕಳು ಎಡವುವುದು ಇಲ್ಲೇ. ಟ್ವೆಂಟಿ-ಒನ್‌ನಿಂದ ನೈಂಟಿ-ನೈನ್‌ವರೆಗಿನ ಜೋಡಿ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುವಾಗಲೂ ಹೈಫನ್ ಉಂಟು. ಅದರ ಅಕ್ಕಪಕ್ಕ ಜಾಗ ಬಿಡಬಾರದು. ಮಾತು ತಡೆದು ಮುಂದುವರಿಯುವ ಕಡೆ ಹಾಕುವ ಉದ್ದ ಗೆರೆ ಡ್ಯಾಶ್, ಅದು ಬೇರೆ.

ಅಪಾಸ್ಟ್ರಫಿ

‘ಹುಡುಗಿಯ ಬ್ಯಾಗು’ ಎಂದಾದರೆ ಚಿಹ್ನೆ ‘ಎಸ್’ ಅಕ್ಷರಕ್ಕೆ ಮೊದಲು, ‘ಹುಡುಗಿಯರ ಬ್ಯಾಗು’ ಎಂದಾದರೆ ‘ಎಸ್’ ಆದಮೇಲೆ. ಒಬ್ಬಳದೋ ಹಲವರದೋ ಎಂದು ಕೇಳಿದರೆ ಸಾಕು. ಬರೀ ಬಹುವಚನಕ್ಕೆ ಈ ಚಿಹ್ನೆ ಬೇಡವೇ ಬೇಡ. ‘ಇಟ್ಸ್’ ಒಂದು ವಿನಾಯಿತಿ: ‘ಅದರ’ ಎಂಬ ಅರ್ಥಕ್ಕೆ ಚಿಹ್ನೆ ಇಲ್ಲ, ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಕುಗ್ಗಿದಾಗ ಮಾತ್ರ ಇದೆ.

ಅಲ್ಪವಿರಾಮ, ಪ್ರಶ್ನಾರ್ಥಕ

‘ಮಳೆ ಬಂತು, ನಾವು ಮನೆಗೆ ಓಡಿದೆವು’ ಎಂಬುದು ಕನ್ನಡದಲ್ಲಿ ಸರಿ. ಇಂಗ್ಲಿಷಿನಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮ ಹಿಡಿದಿಡಲಾರದು. ಪೂರ್ಣವಿರಾಮ ಹಾಕಬೇಕು, ಇಲ್ಲವೇ ‘ಆ್ಯಂಡ್’, ‘ಸೋ’ ಸೇರಿಸಬೇಕು. ಹಾಗೆಯೇ ‘ಎಲ್ಲಿಗೆ ಹೋಗ್ತೀಯ ಎಂದು ಅವ್ವ ಕೇಳಿದಳು’ ಎಂಬುದನ್ನು ‘ಮದರ್ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್’ ಎಂದು ಬರೆದಾಗ ಕೊನೆಗೆ ಪ್ರಶ್ನಾರ್ಥಕ ಬರುವುದಿಲ್ಲ.

ಇದೆಲ್ಲ ಅಂಕದ ಮಾತಷ್ಟೇ ಅಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಹಾಲಿನ ಡೇರಿಯ ಚಾಲಕರು ಹೆಚ್ಚುವರಿ ದುಡಿಮೆಯ ಕೂಲಿಗಾಗಿ ಕೋರ್ಟಿಗೆ ಹೋದರು. ಯಾವ ಕೆಲಸಗಳಿಗೆ ಆ ಕೂಲಿ ಇಲ್ಲ ಎಂದು ಹೇಳುವ ಕಾನೂನಿನ ಪಟ್ಟಿಯ ಕೊನೆಯಲ್ಲಿ ಒಂದು ಅಲ್ಪವಿರಾಮ ಇರಲಿಲ್ಲ. ಹಾಲು ಹಂಚುವುದು ಆ ಪಟ್ಟಿಗೆ ಸೇರುತ್ತದೋ ಇಲ್ಲವೋ ಸ್ಪಷ್ಟವಾಗಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಮನೆಯಲ್ಲಿ ಏನು ಮಾಡಬಹುದು?

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಚಿಕ್ಕ ತರಗತಿಯಲ್ಲಿ ವಾಕ್ಯದ ಮೊದಲು ದೊಡ್ಡಕ್ಷರ, ಕೊನೆಗೆ ಪೂರ್ಣವಿರಾಮ ಅಥವಾ ಪ್ರಶ್ನಾರ್ಥಕ ಬಂದರೆ ಸಾಕು. ಅಲ್ಪವಿರಾಮ, ಅಪಾಸ್ಟ್ರಫಿ ಮಾಧ್ಯಮಿಕ ಶಾಲೆಗೆ, ಹೈಫನ್ ಹೈಸ್ಕೂಲಿಗೆ ಇರಲಿ. ವಾರಕ್ಕೊಂದು ಚಿಹ್ನೆ ಹಿಡಿಯಿರಿ. ಬರೆದದ್ದನ್ನು ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿಸಿಕೊಳ್ಳಿ. ಉಸಿರು ನಿಂತ ಕಡೆಯಲ್ಲೆಲ್ಲ ಅಲ್ಪವಿರಾಮ ಬರಬೇಕೆಂದಿಲ್ಲ, ಆದರೆ ಅರ್ಥ ತಡವರಿಸಿದ ಕಡೆ ಏನೋ ತಪ್ಪಿದೆ ಎಂದು ತಿಳಿಯಿರಿ. ಅಲ್ಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ತಿದ್ದುವ ಕೆಲಸವನ್ನು ಮಗುವಿಗೇ ಬಿಡಿ. ಆಗಲೂ ಬಗೆಹರಿಯದಿದ್ದರೆ ಮರುದಿನ ಶಾಲೆಯಲ್ಲಿ ಮೇಷ್ಟ್ರನ್ನು ಕೇಳಲಿ.