ರಾತ್ರಿ ಮಾಡು ಹತ್ತುವ ಮರಬೆಕ್ಕು

ಕಾಸರಗೋಡಿನ ಕಡೆ ಹಂಚಿನ ಮನೆಯಲ್ಲಿ ಮಲಗಿದವರಿಗೆ ನಡುರಾತ್ರಿ ಅಟ್ಟದ ಮೇಲೆ ಧಡಧಡ ಸದ್ದು ಕೇಳಿಸುವುದು ಹೊಸತಲ್ಲ. ಕಳ್ಳನೆಂದು ಕೆಲವರು ದೀಪ ಹಾಕುತ್ತಾರೆ, ಭೂತವೆಂದು ಕೆಲವರು ಮುಸುಕೆಳೆದುಕೊಳ್ಳುತ್ತಾರೆ. ಬೆಳಗ್ಗೆ ನೋಡಿದರೆ ಮಾಡಿನ ಹಂಚು ಸರಿದಿರುತ್ತದೆ, ಹಿತ್ತಿಲಿನ ಪಪ್ಪಾಯಿ ಅರ್ಧ ಖಾಲಿಯಾಗಿರುತ್ತದೆ. ಇದು ಹೆಚ್ಚಾಗಿ ಮರಬೆಕ್ಕಿನ ಕೆಲಸ.

ನಮಗೆ ಇದು ಬೆಕ್ಕು. ನೆರೆಮನೆಯ ಮಲೆಯಾಳಿಗರಿಗೆ 'ಮರಪಟ್ಟಿ', ಎಂದರೆ ಮರದ ನಾಯಿ. ಪ್ರಾಣಿಶಾಸ್ತ್ರದ ಪ್ರಕಾರ ಇಬ್ಬರೂ ತಪ್ಪಿದ್ದೇವೆ! ಇದು ಪುನುಗು ಬೆಕ್ಕುಗಳ ಕುಟುಂಬಕ್ಕೆ ಸೇರಿದ ಪ್ರಾಣಿ. 1777ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿಯು ಇದನ್ನು ಮೊದಲಾಗಿ ವರ್ಣಿಸಿದನು. ತೂಕ ಸುಮಾರು 2ರಿಂದ 5 ಕಿಲೋಗ್ರಾಂ; ಬೂದುಗಪ್ಪು ಒರಟು ರೋಮ; ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ನೆಲದ ಮೇಲೆ ತಿರುಗುವ ಸಣ್ಣ ಪುನುಗು ಬೆಕ್ಕಿನ ಬಾಲದಲ್ಲಿ ಬಳೆಯಂತಹ ಕಪ್ಪು ಪಟ್ಟೆಗಳಿವೆ, ಇದರ ಬಾಲದಲ್ಲಿ ಇಲ್ಲ. ಗುರುತಿಗೆ ಇಷ್ಟು ಸಾಕು.

ಹಗಲಿಡೀ ಮಲಗಲು ಇದಕ್ಕೆ ಮರದ ಪೊಟರೆ ಬೇಕು. ಹಳೆಯ ಮರಗಳು ಹೋದಲ್ಲಿ ಕತ್ತಲೆಯ, ಬೆಚ್ಚಗಿನ ಅಟ್ಟವೇ ಪೊಟರೆಯಾಗುತ್ತದೆ. ಮರಿ ಹಾಕುವುದೂ ಅಲ್ಲಿಯೇ. ಬಾಳೆ, ಹಲಸು, ಚಿಕ್ಕು ಎಲ್ಲವೂ ಇದಕ್ಕೆ ಇಷ್ಟ; ಇಲಿ, ಹುಳುಗಳನ್ನೂ ತಿನ್ನುತ್ತದೆ; ಶೇಂದಿಯ ಮಡಕೆಗೂ ಬಾಯಿ ಹಾಕುತ್ತದೆ. ಗೂಡು ಭದ್ರವಿಲ್ಲದಿದ್ದರೆ ಕೋಳಿಮರಿಯೂ ಹೋದೀತು. ಹೀಗಾಗಿ ಮನೆಯವರ ಸಿಟ್ಟು ಸುಳ್ಳಲ್ಲ.

ಆದರೆ ನಮ್ಮ ಪರಿಚಯದ ಒಂದು ಮನೆಯಲ್ಲಿ ಬಾಳೆಹಣ್ಣಿನೊಳಗೆ ಇಲಿಪಾಷಾಣ ಇಟ್ಟರು. ತಾಯಿ ತೋಟದಲ್ಲಿ ಸತ್ತಿತು. ಅಟ್ಟದಲ್ಲಿ ಮರಿಗಳು ಎರಡು ರಾತ್ರಿ ಕೂಗಿದವು, ಮೂರನೆಯ ರಾತ್ರಿ ಸದ್ದಿರಲಿಲ್ಲ. ಏಣಿ ಹಿಡಿಯಲು ಹೋದವರು ನಾವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಕೊಲ್ಲುವುದು ಅಪರಾಧವೆಂದು ಆ ಮನೆಯವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಉಪಾಯ ಕಷ್ಟದ್ದೇನಲ್ಲ. ಮಾಡಿಗೆ ತಾಗುವ ಕೊಂಬೆಗಳನ್ನು ಸವರಬೇಕು, ಬಲಿತ ಗೊನೆಗೆ ಗೋಣಿ ಕಟ್ಟಬೇಕು. ಮರಿಗಳು ದೊಡ್ಡವಾಗಿ ಎಲ್ಲವೂ ಹೊರಬೀಳುವ ತನಕ ಕಾದು, ಕತ್ತಲಾದ ಮೇಲೆ ಸಂದುಗಳಿಗೆ ತಂತಿಬಲೆ ಬಡಿಯಬೇಕು. ಹಗಲಲ್ಲಿ ಮುಚ್ಚಿದರೆ ಒಳಗಿದ್ದುದು ಒಳಗೇ ಉಳಿದೀತು.

ಇನ್ನೊಂದು ಸಂಗತಿ. ಈ ಪ್ರಾಣಿ ಹಣ್ಣನ್ನು ಬೀಜಸಮೇತ ನುಂಗುತ್ತದೆ. ಬೀಜ ಕೆಡದೆ ಹಿಕ್ಕೆಯಲ್ಲಿ ಹೊರಬರುತ್ತದೆ. ಶಾಲೆಯ ಹಿಂದಿನ ಕಲ್ಲುಕಟ್ಟೆಯ ಮೇಲೆ ಅಂತಹ ಹಿಕ್ಕೆಯಲ್ಲಿ ಬೈನೆಯ ಬೀಜಗಳು ನಮಗೆ ಸಿಕ್ಕಿದವು. ಹತ್ತನ್ನು ಬಾವಿಯ ಬದಿಯಲ್ಲಿ ಊರಿದೆವು. ಈ ಲೇಖನ ಬರೆಯುವ ಹೊತ್ತಿಗೆ ಮೂರು ಮೊಳೆತಿವೆ.