ತಿದ್ದಿ ಬಂದ ಉತ್ತರಪತ್ರಿಕೆ

ಕಳೆದ ದೀಪಾವಳಿಯ ಬಿಡುವಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಕಾಲೇಜಿನ ಮೊದಲನೆಯ ವರ್ಷದಲ್ಲಿ ಓದುತ್ತಿರುವವಳು, ರೋಣದ ತನ್ನ ಮನೆಗೆ ಬಂದಿದ್ದಳು. ಕಲನಶಾಸ್ತ್ರದ ಪ್ರಥಮ ಪರೀಕ್ಷೆಯ ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತಂದು ನನ್ನ ಮುಂದಿಟ್ಟು, "ಅಕ್ಕೋರೇ, ಇದನ್ನ ಮನ್ಯಾಗ ತೋರಿಸಿಲ್ರೀ" ಎಂದಳು. 50ಕ್ಕೆ 23 ಗುಣಗಳು ಬಂದಿದ್ದವು.

ಆ 23ನ್ನು ಬದಿಗಿರಿಸಿ, ಹೋದ 27 ಗುಣಗಳನ್ನು ಒಂದೊಂದಾಗಿ ಹುಡುಕಲು ಕುಳಿತೆವು. ಪ್ರತಿಯೊಂದರ ಎದುರಿಗೆ ಅದು ಹೋದ ಕಾರಣವನ್ನು ಅವಳ ಕೈಯಿಂದಲೇ ಬರೆಯಿಸಿದೆನು. 4 ಗುಣಗಳು ವೇಳೆ ಸಾಲದೆ ಹೋಗಿದ್ದವು. 6 ಸರಪಳಿ ನಿಯಮವನ್ನು ಮರೆತುದರಿಂದ. 9 ಗುಣಗಳಿಗೂ ಕಲನಶಾಸ್ತ್ರಕ್ಕೂ ಸಂಬಂಧವೇ ಇರಲಿಲ್ಲ. (ಅ + ಬ)² ಎಂಬುದನ್ನು ಅ² + ಬ² ಎಂದು ಬರೆದುದು, ಋಣಚಿಹ್ನೆಯನ್ನು ಬಿಟ್ಟುದು, ಇಂಥವೇ. ಈ ತಪ್ಪುಗಳು ನಮ್ಮ ಶಾಲೆಯಿಂದಲೇ ಅವಳೊಡನೆ ಕಾಲೇಜಿಗೆ ಹೋಗಿದ್ದವು. ನನಗೆ ನಾಚಿಕೆಯಾಯಿತೆಂಬುದನ್ನು ತಾಯ್ತಂದೆಗಳ ಮುಂದೆ ಮರೆಮಾಚಲಾರೆನು.

ಉಳಿದ 8 ಗುಣಗಳ ತಪ್ಪು ಸ್ವಾರಸ್ಯವಾದುದು. ಬದಲಾಗುತ್ತಿರುವ ಎರಡು ರಾಶಿಗಳ ಗುಣಲಬ್ಧದ ಬದಲಾವಣೆಯ ದರವೆಂದರೆ ಆ ಎರಡರ ದರಗಳ ಗುಣಲಬ್ಧವೇ ಎಂದು ಅವಳು ಭಾವಿಸಿದ್ದಳು. ನಿಯಮವನ್ನು ಬಾಯಿಪಾಠ ಮಾಡಿಸುವ ಬದಲು ಕೌದಿಯ ಮಾತೆತ್ತಿದೆನು.

6 ಮೊಳ ಉದ್ದ, 4 ಮೊಳ ಅಗಲದ ಕೌದಿ 24 ಚದರ ಮೊಳ. ಉದ್ದಕ್ಕೂ ಅಗಲಕ್ಕೂ ಒಂದೊಂದು ಮೊಳ ಕೂಡಿಸಿ ಹೊಲಿದರೆ 7 × 5, ಅಂದರೆ 35. ಹೆಚ್ಚಿದ್ದು 11: ಒಂದು ಮಗ್ಗುಲಿಗೆ 6, ಇನ್ನೊಂದಕ್ಕೆ 4, ಮೂಲೆಯ ಚೌಕ 1. ಅವಳ ನಿಯಮದಂತೆ ಆ ಮೂಲೆಯ ತುಂಡು ಮಾತ್ರ ಸಿಕ್ಕುತ್ತದೆ! ಇನ್ನು ಮೊಳದ ಹತ್ತನೆಯ ಒಂದು ಪಾಲನ್ನಷ್ಟೇ ಕೂಡಿಸೋಣ. ಪಟ್ಟಿಗಳು 0.6 ಮತ್ತು 0.4, ಮೂಲೆ ಕೇವಲ 0.01. ಕೂಡಿಸುವುದು ಸಣ್ಣದಾದಷ್ಟೂ ಮೂಲೆಯು ಪಟ್ಟಿಗಳಿಗಿಂತ ಬೇಗ ಕರಗಿಹೋಗುತ್ತದೆ; ದರದ ಲೆಕ್ಕದಲ್ಲಿ ಪಟ್ಟಿಗಳೆರಡೇ ಉಳಿಯುತ್ತವೆ. ಆದುದರಿಂದ ಮೊದಲನೆಯದನ್ನು ಎರಡನೆಯದರ ದರದಿಂದ ಗುಣಿಸಿ, ಎರಡನೆಯದನ್ನು ಮೊದಲನೆಯದರ ದರದಿಂದ ಗುಣಿಸಿ, ಕೂಡಿಸಬೇಕು. "ಹಂಗಾದ್ರ ನಾ ಬಿಸಾಡೂದನ್ನ ಇಟ್ಕೊಂಡು, ಇಟ್ಕೊಳ್ಳೂದನ್ನ ಬಿಸಾಡೇನ್ರಿ" ಎಂದು ನಕ್ಕಳು. ವರ್ಗದ ಲೆಕ್ಕದಲ್ಲಿ ಬಿಟ್ಟುಹೋಗಿದ್ದ 2ಅಬ ಕೂಡ ಇಂಥವೇ ಎರಡು ಪಟ್ಟಿಗಳೆಂಬುದನ್ನು ನಾನು ಹೇಳಬೇಕಾಗಲಿಲ್ಲ, ಅವಳೇ ಕಂಡಳು.

ಈ ಶಾಸ್ತ್ರವನ್ನು ಕಟ್ಟಿದವರಲ್ಲೊಬ್ಬನಾದ ಜರ್ಮನಿಯ ಲೈಬ್ನಿಟ್ಸನು 1675ರ ನವೆಂಬರಿನ ತನ್ನ ಟಿಪ್ಪಣಿಯಲ್ಲಿ ಇದೇ ಸಂದೇಹವನ್ನು ಎತ್ತಿಕೊಂಡಿದ್ದನು. ಉದಾಹರಣೆಯಿಂದ ಪರೀಕ್ಷಿಸಿ, ಹಾಗಲ್ಲವೆಂದು ಕಂಡುಕೊಂಡನು. ಸರಿಯಾದ ನಿಯಮವು 1684ರಲ್ಲಿ ಅಚ್ಚಾಯಿತು. ಇದನ್ನು ಕೇಳಿದ ಮೇಲೆ ಹುಡುಗಿಯ ಮುಖವು ಅರಳಿತು. (ಲೈಬ್ನಿಟ್ಸನಿಗೆ ಗುಣ ಹಾಕುವವರು ಯಾರೂ ಇರಲಿಲ್ಲವೆಂಬುದು ಬೇರೆ ಮಾತು.)

ಎಂಟು ದಿನಗಳ ತರುವಾಯ ಅದೇ ಪ್ರಶ್ನೆಗಳನ್ನು, ಹಳೆಯ ಪತ್ರಿಕೆಯನ್ನು ನೋಡದೆ, ಮತ್ತೆ ಬಿಡಿಸಲು ಕೊಟ್ಟೆನು. ಗುಣಲಬ್ಧದ ಲೆಕ್ಕಗಳೆಲ್ಲ ಸರಿಯಾದವು. ಒಂದು ಕಡೆ ಋಣಚಿಹ್ನೆ ಮತ್ತೆ ತಪ್ಪಿತು. ಅದನ್ನು ತಾನೇ ಹುಡುಕಿ ತಿದ್ದಿದಳು. ಸರಪಳಿ ನಿಯಮ ಇನ್ನೂ ಕೈಗೆ ಹತ್ತಿಲ್ಲ. ಉತ್ತರಪತ್ರಿಕೆಯನ್ನು ಅದೇ ಸಂಜೆ ತಂದೆಗೆ ತೋರಿಸಿದಳಂತೆ. ಅವರು ಎಷ್ಟು ಬಂತೆಂದು ಕೇಳುವುದಕ್ಕೆ ಮೊದಲೇ ಕೌದಿಯ ಚಿತ್ರವೇಕೆಂದು ಕೇಳಿದರಂತೆ.