ಫೋನು ಯಾರ ಕೈಯಲ್ಲಿರಬೇಕು?

ನಮ್ಮಲ್ಲಿ ಹೆಚ್ಚಿನವರ ಕಿಸೆಯಲ್ಲಿ ಈಗ ಸ್ಮಾರ್ಟ್ ಫೋನ್ ಇದೆ. ವಾಟ್ಸಾಪ್ ನೋಡುತ್ತೇವೆ, ಯೂಟ್ಯೂಬ್ ನೋಡುತ್ತೇವೆ. ಆದರೆ ಅದೇ ಫೋನಿನಿಂದ ತೋಟದ ಕೆಲಸ ಏನಾದರೂ ಆಗಬೇಕೆಂದರೆ ಮಗನನ್ನೋ, ಪೇಟೆಯ ಅಂಗಡಿ ಹುಡುಗನನ್ನೋ ಹುಡುಕುತ್ತೇವೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. 2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ನಮ್ಮ ಜಾಗದಲ್ಲಿ ನಾವೇ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆಯ ಹೆಸರು, ವಿಸ್ತೀರ್ಣ ತುಂಬಿಸಿ, ಫೋಟೋ ತೆಗೆದು ಕಳಿಸಬಹುದು. ಬೆಳೆ ವಿಮೆ, ಬೆಳೆಹಾನಿ ಪರಿಹಾರದಂಥ ವಿಷಯಗಳಲ್ಲಿ ಈ ದಾಖಲೆಯನ್ನು ನೋಡುತ್ತಾರೆ. ನಮ್ಮೂರಿನ ಒಬ್ಬರು ಈ ಕೆಲಸವನ್ನು ಇನ್ನೊಬ್ಬರ ಕೈಗೆ ಬಿಟ್ಟರು. ಅವರ ಅಡಿಕೆ ತೋಟ ದಾಖಲೆಯಲ್ಲಿ ತೆಂಗಿನ ತೋಟವಾಯಿತು. ಅಡಿಕೆಗೆ ವಿಮೆಯ ಕಂತು ಕಟ್ಟಿದ್ದರೂ ಹಣ ಬರುವ ಹೊತ್ತಿಗೆ ತಕರಾರು. ಸರಿಮಾಡಿಸಲಿಕ್ಕೆ ಐದಾರು ಸಲ ಓಡಾಟ.

ಹಾಗಾಗಿ ಕಳೆದ ಬೇಸಗೆಯಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿರುವ ನನ್ನ ಬಂಧುವೊಬ್ಬರ ಮನೆಯಲ್ಲಿ ನಾಲ್ಕು ಭಾನುವಾರ ಆರು ಮಂದಿ ಕೃಷಿಕರನ್ನು ಕೂರಿಸಿ ಫೋನಿನ ಪಾಠ ಮಾಡಿದೆ. ಊರಲ್ಲಿ ತೋಟ, ಪೇಟೆಯಲ್ಲಿ ಮಕ್ಕಳ ಮನೆ ಎಂದು ಓಡಾಡುವವರು ಇವರು. ಎಲ್ಲರೂ ಐವತ್ತು ದಾಟಿದವರು. ಆ ಪಾಠದ ಕ್ರಮ ಬೇರೆ ಊರುಗಳಲ್ಲೂ ಉಪಯೋಗವಾದೀತು.

ತೋರಿಸಿದ್ದು ಕಲಿತಂತಲ್ಲ

ನಮ್ಮ ಮನೆಗಳಲ್ಲಿ ಫೋನು ಕಲಿಸುವ ಕ್ರಮ ನಿಮಗೆ ಗೊತ್ತು. ಮಗ ಅಪ್ಪನ ಕೈಯಿಂದ ಫೋನು ತೆಗೆದುಕೊಳ್ಳುತ್ತಾನೆ. ಟಕಟಕ ಒತ್ತುತ್ತಾನೆ. "ಇಷ್ಟೇ ಅಪ್ಪ, ಗೊತ್ತಾಯ್ತಲ್ಲ?" "ಹೂಂ, ಗೊತ್ತಾಯ್ತು." ಮರುದಿನ ನೋಡಿದರೆ ಎಲ್ಲಿ ಒತ್ತುವುದೆಂದೇ ನೆನಪಿಲ್ಲ. "ನಮ್ಮ ತಲೆಗೆ ಇದೆಲ್ಲ ಹೋಗುವುದಿಲ್ಲ ಮಾರಾಯ್ರೆ" ಅಂತ ಕೈಬಿಡುತ್ತೇವೆ.

ತಪ್ಪು ತಲೆಯದ್ದಲ್ಲ, ಕಲಿಸಿದ ಕ್ರಮದ್ದು. ಕಸಿ ಕಟ್ಟುವುದನ್ನು ಎಷ್ಟು ನೋಡಿದರೂ ಚೂರಿ ಕೈಗೆ ಬಾರದೆ ಕಸಿ ಬಾರದು. ಆದುದರಿಂದ ನಮ್ಮ ಮೊದಲ ನಿಯಮ: ಕಲಿಯುವವರ ಫೋನನ್ನು ಕಲಿಸುವವರು ಮುಟ್ಟಬಾರದು. ಬಾಯಲ್ಲಿ ಹೇಳಬಹುದು, ಬೆರಳು ತೋರಿಸಬಹುದು, ಒತ್ತಬೇಕಾದ್ದು ಅವರೇ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಮರೆವಿನ ಲೆಕ್ಕ

ಕಲಿಕೆ ಹೇಗೆ ಉಳಿಯುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳು ತುಂಬ ಕೆಲಸ ಮಾಡಿದ್ದಾರೆ. ಜರ್ಮನಿಯ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಹೊಸದಾಗಿ ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಒಂದು ದಿನದೊಳಗೇ ಜಾರುತ್ತದೆ. ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನ ಬಿಟ್ಟು ದಿನ ಹಂಚಿ ಕಲಿತದ್ದು ಉಳಿಯುತ್ತದೆ.

ಇನ್ನೊಂದು ಪ್ರಯೋಗ 2006ರದ್ದು, ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ್ದು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರದ ನಂತರ ಓದಿದವರಿಗೆ ಶೇ. 40ರಷ್ಟು, ನೆನಪಿನಿಂದ ಬರೆದವರಿಗೆ ಶೇ. 61ರಷ್ಟು ಉಳಿದಿತ್ತು.

ಬಾವಿಯಿಂದ ನೀರು ಸೇದಿದ ಹಾಗೆ, ಒಳಗಿದ್ದುದನ್ನು ಎಳೆದು ಹೊರಗೆ ತರುವ ಕೆಲಸವೇ ನೆನಪನ್ನು ಗಟ್ಟಿ ಮಾಡುತ್ತದೆ. ಬೆಳೆ ಸಮೀಕ್ಷೆಯಂತಹ, ಹಂಗಾಮಿಗೊಮ್ಮೆ ಬರುವ ಕೆಲಸಕ್ಕೆ ಇದು ಬಹಳ ಮುಖ್ಯ.

ನಾಲ್ಕು ಭಾನುವಾರ

ಕುದ್ರೋಳಿಯಲ್ಲಿ ಕೂತು ಬೆಳೆ ಸಮೀಕ್ಷೆ ಮಾಡಲಿಕ್ಕಾಗುವುದಿಲ್ಲ, ಅವರವರ ಜಾಗದಲ್ಲೇ ನಿಲ್ಲಬೇಕು. ಆದ್ದರಿಂದ ಕೆಲಸವನ್ನು ತುಂಡು ಮಾಡಿದೆವು. ದಿನಕ್ಕೊಂದೇ ವಿಷಯ.

ಮೊದಲ ವಾರ ಫೋಟೋ. ಮನೆಯಂಗಳದ ತೆಂಗಿನ ಮರವೇ ಪಾಠ. ರೋಗದ ಬಗ್ಗೆ ತಜ್ಞರಿಗೆ ಕಳಿಸುವುದಾದರೆ ಒಂದು ಫೋಟೋ ಸಾಲದು. ದೂರದಿಂದ ಇಡೀ ಮರ, ಹತ್ತಿರದಿಂದ ರೋಗ ಬಂದ ಸೋಗೆ, ಇನ್ನೂ ಹತ್ತಿರದಿಂದ ಎಲೆಯ ಮೇಲ್ಮೈ ಮತ್ತು ಅಡಿ. ಗಾತ್ರ ಗೊತ್ತಾಗಲು ಪಕ್ಕದಲ್ಲೊಂದು ನಾಣ್ಯ. ಬಿಸಿಲು ಬೆನ್ನಿಗಿರಲಿ. ಅಡಿಕೆಯ ಎಲೆಚುಕ್ಕಿ ರೋಗಕ್ಕೂ ಇದೇ ಕ್ರಮ.

ಎರಡನೇ ವಾರ ಲೊಕೇಶನ್ ಆನ್ ಮಾಡುವುದು, ಮ್ಯಾಪಿನಲ್ಲಿ ನಾವಿರುವ ಜಾಗ ಗುರುತಿಸುವುದು. ಮೂರನೆಯದು ಕನ್ನಡದಲ್ಲಿ ಬರೆಯುವುದು. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ ಎಂದಾಗ ಒಬ್ಬ ಅಕ್ಕನಿಗೆ ಬಹಳ ಖುಷಿ. ತಪ್ಪು ಬೀಳುತ್ತದೆ, ಓದಿ ತಿದ್ದಬೇಕು. ಮದ್ದಿನ ಪ್ರಮಾಣವನ್ನಂತೂ ಎರಡೆರಡು ಸಲ.

ನಾಲ್ಕನೆಯದು ಮೋಸದ ಪಾಠ. ಒಟಿಪಿ ಯಾರಿಗೂ ಹೇಳಬಾರದು. ಪಿಎಂ ಕಿಸಾನ್ ಎಂದೋ ಬ್ಯಾಂಕ್ ಎಂದೋ ಹೆಸರು ಹಾಕಿ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು ಒತ್ತಬಾರದು. ಆ್ಯಪ್ ಬೇಕಾದರೆ ಪ್ಲೇಸ್ಟೋರಿನಲ್ಲಿ ಹುಡುಕಿ, ಯಾರು ಮಾಡಿದ್ದೆಂದು ನೋಡಿಯೇ ತೆಗೆದುಕೊಳ್ಳಬೇಕು.

ಪ್ರತಿ ವಾರ ಹೊಸ ಪಾಠಕ್ಕೆ ಮೊದಲು ಹದಿನೈದು ನಿಮಿಷ ಹಳೆಯದರ ಪರೀಕ್ಷೆ. "ಹೋದ ವಾರದ್ದನ್ನು ಮಾಡಿ ತೋರಿಸಿ ನೋಡುವಾ." ಚೀಟಿ ನೋಡಬಾರದು. ಮೊದಲು ನಾಲ್ಕು ಮಂದಿ ತಡಕಾಡಿದರು. ತಡಕಾಡುವಾಗ ಸುಮ್ಮನಿರುವುದೇ ಕಲಿಸುವವನಿಗೆ ಕಷ್ಟದ ಕೆಲಸ. ಆದರೆ ಹಾಗೆ ಹುಡುಕಿ ಕಂಡುಕೊಂಡದ್ದನ್ನು ಅವರು ಮತ್ತೆ ಮರೆಯಲಿಲ್ಲ. ಮನೆಗೆ ಹೋಗಿ ಇನ್ನೊಬ್ಬರಿಗೆ ಕಲಿಸಬೇಕೆಂಬುದು ಮನೆಗೆಲಸ.

ಮಳೆ ಹಿಡಿದ ಮೇಲೆ ಆರರಲ್ಲಿ ನಾಲ್ಕು ಮಂದಿ ತಮ್ಮ ಸಮೀಕ್ಷೆ ತಾವೇ ಮಾಡಿದರು. ಒಬ್ಬರು ನೆರೆಮನೆಯವರದ್ದೂ ಮಾಡಿಸಿದರು. ಉಳಿದಿಬ್ಬರಿಗೆ ಇನ್ನೂ ಸಹಾಯ ಬೇಕು.

ನಮ್ಮ ಜಿಲ್ಲೆಗೆ ಇದು ಹೊಸತಲ್ಲ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ. ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ವಿದ್ಯೆಯಿಂದಲೇ ಬಿಡುಗಡೆ ಎಂದವರು. 1988ರಿಂದ ಪುತ್ತೂರಿನಲ್ಲಿ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಬರೆಯಲಾರೆ ಎಂದವರೂ ಬರೆದರು. 2021ರಲ್ಲಿ ಬಾಳೆಕಾಯಿ ಹುಡಿ, ಅಂದರೆ 'ಬಾಕಾಹು' ಮಾಡುವುದನ್ನು ಹಲವು ಮನೆಗಳು ಕಲಿತದ್ದು ವಾಟ್ಸಾಪಿನ ಮೂಲಕ. ಅಲ್ಲೂ ಬರೇ ನೋಡಿದ್ದಲ್ಲ. ಕೊಯ್ದು, ಒಣಗಿಸಿ, ಹುಡಿ ಮಾಡಿ, ತಿಂಡಿ ಮಾಡಿ, ಫೋಟೋ ಹಾಕಿದರು.

ನಿಮ್ಮಲ್ಲೂ ನಾಲ್ಕೈದು ಮಂದಿ ಸೇರಿ ಶುರುಮಾಡಬಹುದು. ವೈಫೈ, ಕಂಪ್ಯೂಟರ್ ಏನೂ ಬೇಡ. ಫೋನು ಬಲ್ಲ ಒಬ್ಬರು, ವಾರಕ್ಕೆ ಎರಡು ಗಂಟೆ, ಒಂದು ತಿಂಗಳು. ಬೆಳೆ ಸಮೀಕ್ಷೆ ಶುರುವಾಗುವುದಕ್ಕೆ ಮೊದಲೇ ಮುಗಿಸಿಕೊಳ್ಳಿ. ನಿಮ್ಮ ಅನುಭವವನ್ನು ಪತ್ರಿಕೆಗೆ ಬರೆಯಿರಿ. ಮೈಕ್ ಒತ್ತಿ ಹೇಳಿ, ತಿದ್ದಿ ಕಳಿಸಿದರೂ ಆದೀತು.